ಜಸ್ಟ್ ಡ್ಯಾನ್ಸ್: ಮೂರನೇ ಜಾಯ್-ಕಾನ್ ಸೇರ್ತಿಲ್ಲ, ತಾಳಕ್ಕೆ ಸರಿಯಾಗಿ ಕುಣಿದರೂ ಅಂಕ ಬರ್ತಿಲ್ಲ

ಮಲ್ಲಿಗೆಮೊಗ್ಗು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಯುಗಾದಿ ದಿನ ಮನೆಯಲ್ಲಿ 12 ಜನ ಸೇರ್ತೀವಿ. ಆರು ವರ್ಷದ ಮಗುವಿನಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಿವರೆಗೆ ಎಲ್ಲರೂ ಇರ್ತಾರೆ. ಊಟ ಆದ ಮೇಲೆ ಜಸ್ಟ್ ಡ್ಯಾನ್ಸ್ (ಪರದೆಯ ನರ್ತಕನ ಹಾಗೆ ಕುಣಿದು ಅಂಕ ಗಳಿಸೋ ವಿಡಿಯೊ ಗೇಮ್) ಆಡೋದು ಅಂತ ತೀರ್ಮಾನ.

ಇರೋದು ಇಷ್ಟು: ಮೊದಲ ತಲೆಮಾರಿನ ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್, ಎರಡು ಜೊತೆ ಜಾಯ್-ಕಾನ್ (ಅದರ ಪುಟ್ಟ ಕೈ ಕಂಟ್ರೋಲರ್, ಒಟ್ಟು ನಾಲ್ಕು), 43 ಇಂಚಿನ ಟಿವಿ, ಒಂದು ದೊಡ್ಡ ಬ್ಲೂಟೂತ್ ಸ್ಪೀಕರ್. ಸ್ಪೀಕರನ್ನು ಸ್ವಿಚ್‌ಗೇ ನೇರವಾಗಿ ಪೇರ್ ಮಾಡಿದ್ದೀನಿ. ಹಾಲ್ 11 ಅಡಿ ಅಗಲ, 14 ಅಡಿ ಉದ್ದ. ಟಿವಿ ಇರೋದು 11 ಅಡಿಯ ಗೋಡೆ ಮೇಲೆ. ಮನೆ ಎರಡನೇ ಮಹಡಿ, ಕೆಳಗೆ ಬೇರೆಯವರಿದ್ದಾರೆ.

ತೊಂದರೆಗಳು:

1. ಎರಡು ಜಾಯ್-ಕಾನ್ ಸೇರುತ್ತೆ, ಮೂರನೆಯದು ಏನು ಮಾಡಿದರೂ ಸೇರಲ್ಲ. ನಾಲ್ಕನ್ನೂ ಪೂರ್ತಿ ಚಾರ್ಜ್ ಮಾಡಿ ನೋಡಿದೆ. ಅದಲುಬದಲು ಮಾಡಿ ನೋಡಿದರೂ ಯಾವುದಾದರೂ ಎರಡು ಮಾತ್ರ.

2. ಪರದೆ ನೋಡಿಕೊಂಡು ಕುಣಿಯೋ ಮಕ್ಕಳಿಗೆ 'ಪರ್ಫೆಕ್ಟ್' ಬೀಳುತ್ತೆ. ಹಾಡು ಕೇಳಿ ತಾಳ ಹಿಡಿದು ಕುಣಿಯೋ ದೊಡ್ಡವರಿಗೆ ಬರೀ 'ಓಕೆ', ಇಲ್ಲಾಂದ್ರೆ 'ಎಕ್ಸ್' (ಹೆಜ್ಜೆ ತಪ್ಪಿತು ಅಂತ). ನಿಜವಾಗಿ ಚೆನ್ನಾಗಿ ಕುಣಿಯೋರು ಅವರೇ.

3. ಅಜ್ಜಿಗೂ ಆಡೋ ಆಸೆ ಇದೆ. ಮಂಡಿ ನೋವಿದೆ, ಸೀರೆ ಉಟ್ಟಿರ್ತಾರೆ. ಅವರನ್ನ ಹೇಗೆ ಸೇರಿಸಿಕೊಳ್ಳೋದು?

ಇನ್ನೊಂದು ಜೊತೆ ಜಾಯ್-ಕಾನ್ ಕೊಳ್ಳಬೇಕಾ ಅನ್ನೋದೂ ಹೇಳಿ.

---

ಕೇಬಲ್‌ಪೆಟ್ಟಿಗೆ ಉತ್ತರ:

ಏನೂ ಕೊಳ್ಳಬೇಡಿ. ಜಾಯ್-ಕಾನ್ ಯಾವುದೂ ಕೆಟ್ಟಿಲ್ಲ. ನಿಮ್ಮ ಒಂದನೇ ತೊಂದರೆಗೂ ಎರಡನೇ ತೊಂದರೆಗೂ ಕಾರಣ ಒಂದೇ, ಆ ಬ್ಲೂಟೂತ್ ಸ್ಪೀಕರ್.

ಸ್ವಿಚ್‌ಗೆ ಬ್ಲೂಟೂತ್ ಆಡಿಯೋ ಬಂದಿದ್ದು 2021ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ, 13.0.0 ಆವೃತ್ತಿ. ಅದರ ಜೊತೆಗೇ ಒಂದು ಮಿತಿಯೂ ಬಂತು: ಬ್ಲೂಟೂತ್‌ನಲ್ಲಿ ಶಬ್ದ ಹೋಗ್ತಾ ಇರುವಷ್ಟು ಹೊತ್ತು ವೈರ್‌ಲೆಸ್ ಕಂಟ್ರೋಲರ್ ಎರಡೇ ಸೇರಬಹುದು. ಎಡ ಮತ್ತು ಬಲ ಜಾಯ್-ಕಾನ್ ಲೆಕ್ಕಕ್ಕೆ ಎರಡು ಕಂಟ್ರೋಲರ್. ಅಲ್ಲಿಗೆ ಕೋಟಾ ಮುಗೀತು. ಸ್ಪೀಕರ್ ಬಿಡಿಸಿದರೆ ನಾಲ್ಕೂ ಸೇರುತ್ತವೆ.

ಎರಡನೆಯದು ವಿಳಂಬ. ಬ್ಲೂಟೂತ್ ಸ್ಪೀಕರ್‌ಗೆ ಶಬ್ದ ತಲುಪೋದು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ. ನಿಮಿಷಕ್ಕೆ 120 ಬೀಟ್ ಇರೋ ಹಾಡಲ್ಲಿ ಒಂದು ಬೀಟ್ ಅಂದ್ರೆ 500 ಮಿಲಿಸೆಕೆಂಡ್. 150 ತಡ ಆದ್ರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಬೀಟ್ ಹಿಂದೆ ಬಿದ್ದ ಹಾಗೆ. ಮಕ್ಕಳು ಪರದೆಯ ಚಿತ್ರ ನೋಡ್ತಾರೆ, ಚಿತ್ರ ಎಚ್‌ಡಿಎಂಐ ತಂತಿಯಲ್ಲಿ ಬರೋದ್ರಿಂದ ತಡ ಇಲ್ಲ. ದೊಡ್ಡವರು ಕಿವಿಗೆ ಬಿದ್ದ ತಾಳಕ್ಕೆ ಕುಣೀತಾರೆ, ಆ ತಾಳವೇ ತಡ. ತಪ್ಪು ಅವರದ್ದಲ್ಲ, ದಯವಿಟ್ಟು ಅವರಿಗೂ ಹೇಳಿ.

ನೀವೇ ಪರೀಕ್ಷೆ ಮಾಡಬಹುದು. ಸ್ವಿಚ್‌ನ ಹೋಮ್ ಪರದೆಗೆ ಹೋಗಿ, ಸ್ಟಿಕ್ ಬಲಕ್ಕೆ ತಳ್ಳಿ. ಒಂದು ಐಕಾನ್‌ನಿಂದ ಇನ್ನೊಂದಕ್ಕೆ ಹಾರುವಾಗ 'ಟಿಕ್' ಅನ್ನುತ್ತೆ. ನೀಲಿ ಚೌಕಟ್ಟು ಹಾರಿದ ಮೇಲೆ ಟಿಕ್ ಕೇಳಿಸಿದರೆ ಅಷ್ಟು ವಿಳಂಬ ಇದೆ ಅಂತ. ಟಿವಿಯ ಸ್ವಂತ ಸ್ಪೀಕರ್‌ಗೆ ಬದಲಾಯಿಸಿ ಮತ್ತೆ ತಳ್ಳಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ.

ಸರಿಪಡಿಸೋದು ಹೀಗೆ:

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆಡಿಯೋಗೆ ಹೋಗಿ ಸ್ಪೀಕರನ್ನು ತೆಗೆದುಹಾಕಿ. ಬರೀ ಸ್ಪೀಕರ್ ಆಫ್ ಮಾಡಿದರೆ ಮತ್ತೆ ಆನ್ ಆದಾಗ ಸೇರಿಕೊಂಡುಬಿಡುವ ಸಾಧ್ಯತೆ ಇರುತ್ತೆ, ಅದಕ್ಕೇ ಪೂರ್ತಿ ತೆಗೆಯಿರಿ. ಆಮೇಲೆ ಒಂದೊಂದೇ ಜಾಯ್-ಕಾನನ್ನು ಕನ್ಸೋಲ್‌ನ ಪಕ್ಕದ ಹಳಿಗೆ ಜಾರಿಸಿ ಒಂದು ಸಲ ಕೂರಿಸಿ ತೆಗೆಯಿರಿ. ಪೇರ್ ಆಗೋಕೆ ಅಷ್ಟೇ ಸಾಕು. ಇಲ್ಲವಾದರೆ ಹೋಮ್‌ನಲ್ಲಿ ಕಂಟ್ರೋಲರ್ಸ್, ಅದರಲ್ಲಿ 'ಚೇಂಜ್ ಗ್ರಿಪ್/ಆರ್ಡರ್' ತೆರೆದು, ಜಾಯ್-ಕಾನ್‌ನ ಒಳಬದಿಯಲ್ಲಿ ಎಸ್‌ಎಲ್, ಎಸ್‌ಆರ್ ಗುಂಡಿಗಳ ನಡುವೆ ಇರೋ ಪುಟ್ಟ ದುಂಡನೆಯ ಸಿಂಕ್ ಗುಂಡಿಯನ್ನ ದೀಪ ಓಡಾಡೋವರೆಗೆ ಒತ್ತಿ ಹಿಡಿಯಿರಿ. ನಂತರ ಎಸ್‌ಎಲ್, ಎಸ್‌ಆರ್ ಎರಡನ್ನೂ ಒಟ್ಟಿಗೆ ಒತ್ತಿದರೆ ಆ ಜಾಯ್-ಕಾನ್ ಒಬ್ಬ ಆಟಗಾರನ ಲೆಕ್ಕಕ್ಕೆ ಬರುತ್ತೆ.

ದೊಡ್ಡ ಶಬ್ದ ಬೇಕೇ ಬೇಕು ಅಂದ್ರೆ ಅದೇ ಸ್ಪೀಕರನ್ನೇ ತಂತಿಯಲ್ಲಿ ಕೊಡಿ. ಹಿಂದೆ 'ಆಕ್ಸ್' ತೂತು ಇದೆಯಾ ನೋಡಿ. ಟಿವಿಯ ಹೆಡ್‌ಫೋನ್ ಜ್ಯಾಕ್‌ನಿಂದ ಅದಕ್ಕೆ 3.5 ಎಂಎಂ ಎರಡೂ ಕಡೆ ಗಂಡು ಪಿನ್ ಇರೋ ಕೇಬಲ್ ಎಳೆಯಿರಿ, 3 ಮೀಟರ್ ಸಾಕು. ಟಿವಿಗೆ ಹೆಡ್‌ಫೋನ್ ಜ್ಯಾಕ್ ಇಲ್ಲದೆ ಆಪ್ಟಿಕಲ್ (ಬೆಳಕಿನಲ್ಲಿ ಶಬ್ದ ಕಳಿಸೋ) ಔಟ್‌ಪುಟ್ ಮಾತ್ರ ಇದ್ದರೆ ಆಪ್ಟಿಕಲ್‌ನಿಂದ ಅನಲಾಗ್‌ಗೆ ಬದಲಾಯಿಸೋ ಚಿಕ್ಕ ಕನ್ವರ್ಟರ್ ಸಿಗುತ್ತೆ. ಸ್ಪೀಕರನ್ನು ಟಿವಿಗೆ ಬ್ಲೂಟೂತ್‌ನಲ್ಲಿ ಕೊಟ್ಟರೆ ಮೂರನೇ ಜಾಯ್-ಕಾನ್ ಸೇರುತ್ತೆ, ಆದರೆ ವಿಳಂಬ ಹಾಗೇ ಉಳಿಯುತ್ತೆ. ಅದು ಅರ್ಧ ಪರಿಹಾರ.

ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕೋದನ್ನ ಮರೀಬೇಡಿ. ಚಿತ್ರ ನುಣುಪು ಮಾಡೋ ಸಂಸ್ಕರಣೆ ಚಾಲೂ ಇದ್ದರೆ ಚಿತ್ರವೇ ತಡವಾಗಿ ಬರುತ್ತೆ, ಆಗ ಮಕ್ಕಳ ಅಂಕವೂ ಇಳಿಯುತ್ತೆ. ಮತ್ತೆ ಸ್ವಿಚ್ ಡಾಕನ್ನು (ಸ್ವಿಚ್ ಕೂರಿಸಿ ಟಿವಿಗೆ ಜೋಡಿಸೋ ಪೆಟ್ಟಿಗೆ) ಟಿವಿ ಹಿಂದೆ ಬಚ್ಚಿಡಬೇಡಿ. ಮುಂದೆ, ಆಟಗಾರರಿಗೆ ಕಾಣೋ ಹಾಗಿಡಿ. ಟಿವಿಯ ಲೋಹ ಅಡ್ಡ ಬಂದರೆ ಸಿಗ್ನಲ್ ತುಂಡಾಗಿ, ನಡುಹಾಡಲ್ಲಿ ಅಂಕ ನಿಂತುಹೋಗುತ್ತೆ.

---

ತಾಳಮೇಳ ಉತ್ತರ:

ಮೇಲಿನವರು ಹೇಳಿದ್ದು ಸರಿ. ತಂತಿ ಸರಿಯಾದ ಮೇಲೆ ಅಂಕ ಹೇಗೆ ಬರುತ್ತೆ ಅನ್ನೋದನ್ನೂ ಎಲ್ಲರಿಗೂ ಮೊದಲೇ ಹೇಳಿಬಿಡಿ, ಜಗಳ ಕಡಿಮೆ ಆಗುತ್ತೆ.

ಸ್ವಿಚ್‌ನಲ್ಲಿ ಈ ಆಟಕ್ಕೆ ಕಣ್ಣಿಲ್ಲ. ಅದಕ್ಕೆ ಗೊತ್ತಾಗೋದು ಬಲಗೈಯಲ್ಲಿರೋ ಜಾಯ್-ಕಾನ್‌ನ ಚಲನೆ ಮಾತ್ರ. 2009ರಲ್ಲಿ ಯೂಬಿಸಾಫ್ಟ್ ಮೊದಲ ಜಸ್ಟ್ ಡ್ಯಾನ್ಸನ್ನು ನಿಂಟೆಂಡೊದ ಹಳೆಯ ಕನ್ಸೋಲ್ ವೀಗೆ ತಂದಾಗಲೂ ಹೀಗೇ ಇತ್ತು, ವೀ ರಿಮೋಟ್ ಬಲಗೈಯಲ್ಲಿ. ಕಾಲು, ಸೊಂಟ, ಎಡಗೈ ಯಾವುದಕ್ಕೂ ಅಂಕ ಇಲ್ಲ. ಅದಕ್ಕೇ ಎಡಚರೂ ಬಲಗೈಯಲ್ಲೇ ಹಿಡೀಬೇಕು. ಎಡಗೈಗೆ ಕೊಟ್ಟರೆ ಹೊಂದಿಸಿ ನೋಡುವ ಚಲನೆಯೇ ಬೇರೆ ಆಗಿಬಿಡುತ್ತೆ. ಜಾಯ್-ಕಾನ್ ಮಾತ್ರ ಎಡದ್ದಾದರೂ ಬಲದ್ದಾದರೂ ನಡೆಯುತ್ತೆ.

ಪರದೆಯ ನರ್ತಕ ಕನ್ನಡಿಯ ಹಾಗೆ ಕುಣೀತಾನೆ. ಅವನ ಒಂದು ಕೈಗೆ ಬಣ್ಣದ ಗ್ಲೌಸ್ ಇರುತ್ತೆ, ಅದು ನಿಮಗೆ ಪರದೆಯ ಬಲಬದಿಗೆ ಕಾಣೋ ಕೈ. ಆ ಕೈಯೇ ನಿಮ್ಮ ಬಲಗೈ. ಹೊಸಬರಿಗೆ "ಗ್ಲೌಸ್ ನೋಡಿ" ಅನ್ನೋ ಒಂದು ಮಾತು ಸಾಕು. ಪರದೆ ಕೆಳಗೆ ಸಾಲಾಗಿ ಸರಿದು ಬರೋ ಪುಟ್ಟ ಗೊಂಬೆಚಿತ್ರಗಳು ಮುಂದಿನ ಹೆಜ್ಜೆ ಯಾವುದು ಅಂತ ತೋರಿಸ್ತವೆ. ಚಿನ್ನದ ಬಣ್ಣದ್ದು ಬಂದರೆ ಅದು ಗೋಲ್ಡ್ ಮೂವ್, ಅಂಕ ಜಾಸ್ತಿ.

ಕೈ ಹೇಗೆ ಬೀಸಬೇಕು ಅನ್ನೋದೇ ಮುಖ್ಯ. ಸೆನ್ಸರ್ ಅಳೆಯೋದು ವೇಗದ ಬದಲಾವಣೆಯನ್ನ. ಒಂದೇ ಸಮನೆ ಮೆಲ್ಲಗೆ ತೇಲಿಸಿಕೊಂಡು ಹೋದ ಕೈ ಅದಕ್ಕೆ ಅಷ್ಟಾಗಿ ಗೊತ್ತಾಗಲ್ಲ. ಬೀಟ್ ಬಿದ್ದಲ್ಲಿ ಕೈ ತಲುಪಿ, ಒಂದು ಕ್ಷಣ ಗಟ್ಟಿಯಾಗಿ ನಿಂತು, ಆಮೇಲೆ ಹೊರಡಬೇಕು. ಕೋಲಾಟದಲ್ಲಿ ಕೋಲು ಕೋಲಿಗೆ ತಾಗೋ ಆ ಗಳಿಗೆ ಇದೆಯಲ್ಲ, ಹಾಗೆ. ಅದರರ್ಥ ಜೋರಾಗಿ ಝಾಡಿಸೋದು ಅಂತಲ್ಲ. ಮಕ್ಕಳು ಮಣಿಕಟ್ಟು ಮಾತ್ರ ಗಡಗಡ ಅಲ್ಲಾಡಿಸಿದರೆ ಮೊದಲೆರಡು ಹೆಜ್ಜೆಗೆ ಏನೋ ಬೀಳಬಹುದು, ಆಮೇಲೆ ಸಾಲಾಗಿ ಎಕ್ಸ್. ಮೊಣಕೈಯಿಂದ ಪೂರ್ತಿ ಕೈ ಹೋಗಬೇಕು. ಚಿಕ್ಕ ಮಕ್ಕಳ ಮುಷ್ಟಿಯಲ್ಲಿ ಜಾಯ್-ಕಾನ್ ಸಡಿಲವಾಗಿ ತಿರುಗುತ್ತೆ, ಗಟ್ಟಿಯಾಗಿ ಹಿಡಿಸಿ.

ಅಂಕದ ಲೆಕ್ಕ: 2,000ಕ್ಕೆ ಒಂದು ನಕ್ಷತ್ರದ ಹಾಗೆ 10,000ಕ್ಕೆ ಐದು. 11,000 ದಾಟಿದರೆ ಸೂಪರ್‌ಸ್ಟಾರ್, 12,000 ದಾಟಿದರೆ ಮೆಗಾಸ್ಟಾರ್. ಗರಿಷ್ಠ 13,333. ಮೊದಲ ಸಲ ಆಡೋರಿಗೆ ಮೂರು ನಕ್ಷತ್ರ ಬಂದರೆ ಅದು ಒಳ್ಳೆಯ ಆಟವೇ.

ಹೆಚ್ಚಿನವರು ಎಡವೋ ಜಾಗ ಇನ್ನೊಂದಿದೆ. ಇಬ್ಬರು, ಮೂವರು, ನಾಲ್ವರು ನರ್ತಕರಿರೋ ಹಾಡುಗಳಲ್ಲಿ, ಶುರುವಾಗೋ ಮುಂಚೆ ಪ್ರತಿಯೊಬ್ಬರೂ ತಮ್ಮ ನರ್ತಕನನ್ನ ಆರಿಸ್ಕೋಬೇಕು. ಆತುರದಲ್ಲಿ ಒಂದನೆಯವನನ್ನ ಆರಿಸಿ, ಕುಣಿಯೋದು ಎರಡನೆಯವನ ಹಾಗೆ ಆದ್ರೆ ಮೂರೂವರೆ ನಿಮಿಷ ಕುಣಿದರೂ ಅಂಕ ಬರಲ್ಲ. ಮೊದಲ ಕೆಲವು ಹಾಡು ಒಬ್ಬನೇ ನರ್ತಕ ಇರೋದು ಹಾಕಿ. ನಾಲ್ವರೂ ಅವನನ್ನೇ ಅನುಸರಿಸಿದರಾಯ್ತು.

ಅಜ್ಜಿ ವಿಷಯಕ್ಕೆ ಬಂದ್ರೆ, ಕಾಲಿಗೆ ಅಂಕ ಇಲ್ಲ ಅನ್ನೋದೇ ಅವರಿಗೆ ಅನುಕೂಲ. ಕೈ ಇಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ. ಪ್ಲಾಸ್ಟಿಕ್ ಕುರ್ಚಿ ಟೈಲ್ಸ್ ಮೇಲೆ ಜಾರುತ್ತೆ, ಊಟದ ಮೇಜಿನ ಮರದ ಕುರ್ಚಿ ವಾಸಿ, ಅದೂ ಗೋಡೆಗೆ ಒರಗಿಸಿ. ಹಾಡಿನ ಪಟ್ಟಿಯಲ್ಲಿ ಕಷ್ಟ ಎಷ್ಟು, ಶ್ರಮ ಎಷ್ಟು ಅಂತ ಬೇರೆ ಬೇರೆ ಗುರುತು ಇರುತ್ತೆ. ಎರಡೂ ಕಡಿಮೆ ಇರೋದನ್ನ ಆರಿಸಿ, ಅದರಲ್ಲೂ ನಿಧಾನದ ಹಾಡು. ಕೈ ತಲೆಗಿಂತ ಮೇಲೆ ಹೋಗೋ ಹೆಜ್ಜೆ ಬಂದರೆ ಭುಜದ ಮಟ್ಟಕ್ಕೆ ನಿಲ್ಲಿಸಲಿ, ಸ್ವಲ್ಪ ಅಂಕ ಹೋಗುತ್ತೆ ಅಷ್ಟೇ. ಕೂತು ಆಡಿದವರು ನಿಂತು ಆಡಿದವರನ್ನ ಗೆಲ್ಲೋದು ಈ ಆಟದಲ್ಲಿ ನಿಜಕ್ಕೂ ಸಾಧ್ಯ.

ಸ್ಟಿಕ್ ತಾನಾಗೇ ಓಡೋ ಡ್ರಿಫ್ಟ್ ಬಂದ ಜಾಯ್-ಕಾನ್ ಇದ್ದರೆ ಪಕ್ಕಕ್ಕೆ ಇಡಬೇಡಿ. ಕುಣಿಯೋಕೆ ಸ್ಟಿಕ್ ಬೇಡ. ಅದನ್ನ ಒಂದನೇ ಆಟಗಾರನಿಗೆ ಮಾತ್ರ ಕೊಡಬೇಡಿ, ಮೆನು ಓಡಿಸೋದು ಅವರು.

---

ಜಮಖಾನ ಉತ್ತರ:

ಜಾಗದ ಬಗ್ಗೆ ಯಾರೂ ಹೇಳಲಿಲ್ಲ. ಮನೆಗಳಲ್ಲಿ ಪೆಟ್ಟಾಗೋದು ಇಲ್ಲೇ.

ಕೈ ಎರಡೂ ಚಾಚಿದ ಅಗಲ ಹೆಚ್ಚುಕಡಿಮೆ ಮನುಷ್ಯನ ಎತ್ತರದಷ್ಟೇ. ಐದೂವರೆ ಅಡಿಯ ಇಬ್ಬರು ಪಕ್ಕಪಕ್ಕ ನಿಂತು ಕೈ ಚಾಚಿದರೆ ನಿಮ್ಮ 11 ಅಡಿ ಹಾಲ್ ಭರ್ತಿ. ಹಾಗಾಗಿ ನಾಲ್ವರನ್ನ ಒಂದೇ ಸಾಲಲ್ಲಿ ನಿಲ್ಲಿಸಬೇಡಿ. ಟೀಪಾಯಿ ರೂಮಿಗೆ ಹೋಗಲಿ, ಸೋಫಾ ಹಿಂದಿನ ಗೋಡೆಗೆ ಅಂಟಲಿ. ಟಿವಿಯಿಂದ 5 ಅಡಿಗೆ ಮುಂದಿನ ಸಾಲು, 9 ಅಡಿಗೆ ಹಿಂದಿನ ಸಾಲು. ಮುಂದೆ ನಡುಭಾಗದಲ್ಲಿ ಇಬ್ಬರು ಮಕ್ಕಳು, ನಾಲ್ಕು ಅಡಿ ಅಂತರದಲ್ಲಿ. ಹಿಂದೆ ಇಬ್ಬರು ದೊಡ್ಡವರು, ಒಬ್ಬೊಬ್ಬರು ಪಕ್ಕದ ಗೋಡೆಯಿಂದ ಮೂರು ಅಡಿ ಬಿಟ್ಟು. ಮಕ್ಕಳ ತಲೆ ಮೇಲಿಂದ ದೊಡ್ಡವರಿಗೆ ಪರದೆ ಕಾಣುತ್ತೆ. ನಿಲ್ಲೋ ಜಾಗಕ್ಕೆ ಬಣ್ಣ ಬಳಿಯೋರು ಬಳಸೋ ಪೇಪರ್ ಟೇಪ್‌ನಲ್ಲಿ ಗುರುತು ಹಾಕಿ. ಸೆಲ್ಲೋಟೇಪ್ ಅಂಟು ಬಿಡುತ್ತೆ.

ಜಮಖಾನ, ಕಾಲೊರೆಸು ಎಲ್ಲ ಎತ್ತಿಡಿ. ಬರೀ ಸಾಕ್ಸ್‌ನಲ್ಲಿ ಟೈಲ್ಸ್ ಮೇಲೆ ಕುಣಿಯೋದು ಬೇಡವೇ ಬೇಡ, ಬರಿಗಾಲು ಒಳ್ಳೇದು. ಬೆವರಿನ ಹನಿ, ಪಾನಕದ ಹನಿ ಬಿದ್ದಲ್ಲಿ ತಕ್ಷಣ ಒರೆಸೋಕೆ ಒಂದು ಹತ್ತಿ ಬಟ್ಟೆ ಕೈಗೆ ಸಿಗೋ ಹಾಗಿರಲಿ.

ಫ್ಯಾನ್: ಐದೂವರೆ ಅಡಿಯವರು ಕೈ ಮೇಲೆತ್ತಿದರೆ ಬೆರಳ ತುದಿ ಸುಮಾರು ಏಳು ಅಡಿಗೆ ಹೋಗುತ್ತೆ. ಅದರ ಮೇಲೆ ಒಂದು ನೆಗೆತ, ಕೈಯಲ್ಲಿ ಜಾಯ್-ಕಾನ್. ರೆಕ್ಕೆ ಎಂಟು ಅಡಿ ಎತ್ತರದಲ್ಲಿದ್ದರೆ ಅಂತರ ಏನೂ ಉಳಿಯಲ್ಲ. ಎತ್ತರದವರನ್ನ ಫ್ಯಾನ್ ಕೆಳಗೆ ನಿಲ್ಲಿಸಬೇಡಿ, ಮಕ್ಕಳನ್ನ ಹೆಗಲ ಮೇಲೆ ಕೂರಿಸಿಕೊಂಡು ಯಾರೂ ಕುಣಿಯಬಾರದು. ಇದೊಂದರಲ್ಲಿ ರಿಯಾಯಿತಿ ಇಲ್ಲ.

ಸೀರೆ ಉಟ್ಟವರು ಸೆರಗನ್ನ ಬಲಗಡೆಯಿಂದ ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಲಿ, ನಿರಿಗೆ ಕಾಲಿಗೆ ಸಿಗದ ಹಾಗೆ ಎರಡು ಬೆರಳಷ್ಟು ಎತ್ತಿ ಉಡಲಿ. ಬಲಗೈಯ ಗಾಜಿನ ಬಳೆ ತೆಗೆದಿಡೋದು ಕ್ಷೇಮ. ಹಬ್ಬದ ದಿನ ಬಳೆ ತೆಗೆಯಲ್ಲ ಅನ್ನೋರಿದ್ದರೆ ಬಳೆಗಳನ್ನ ಮೊಣಕೈ ಕಡೆಗೆ ಸರಿಸಿ, ಮೇಲೆ ಒಂದು ಮೆತ್ತನೆ ಕರ್ಚೀಫ್ ಸುತ್ತಿ, ಜಾಯ್-ಕಾನ್‌ಗೆ ಸಿಕ್ಕಿಸೋ ಕೈಪಟ್ಟಿಯನ್ನ ಅದಕ್ಕಿಂತ ಕೆಳಗೆ, ಮಣಿಕಟ್ಟಿಗೆ ಹಾಕಿ.

ಆ ಪಟ್ಟಿ ಕಡ್ಡಾಯ. ಜಾಯ್-ಕಾನ್ ತೂಕ ಸುಮಾರು 50 ಗ್ರಾಂ, ಬೆವರಿದ ಕೈಯಿಂದ ಜಾರಿದರೆ ಟಿವಿ ಪರದೆ ಒಡೆಯೋಕೆ ಅಷ್ಟು ಸಾಕು. ಪಟ್ಟಿಯ ಪ್ಲಾಸ್ಟಿಕ್ ಭಾಗದಲ್ಲಿ ಕೂಡಿಸೋ ಗುರುತೋ ಕಳೆಯೋ ಗುರುತೋ ಇರುತ್ತೆ. ಜಾಯ್-ಕಾನ್ ಮೇಲಿನ ಅದೇ ಗುರುತಿಗೆ ಹೊಂದಿಸಿ ಜಾರಿಸಬೇಕು. ತಿರುಗುಮುರುಗು ಹಾಕಿದರೆ ಕಚ್ಚಿಕೊಂಡು ನಿಲ್ಲುತ್ತೆ. ಹಾಗೇನಾದ್ರೂ ಆದ್ರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಕೆಳಗಿನ ಲಾಕ್ ಬಿಡಿಸಿ, ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಹಾಕಿದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ.

ಕೆಳಗಿನ ಮನೆಯವರಿಗೆ ತೊಂದರೆ ಕೊಡೋದು ಹಾಡಿಗಿಂತ ನೆಗೆತದ ಧಡ್ ಶಬ್ದ. ಒಂದಕ್ಕೊಂದು ಸಿಕ್ಕಿಸೋ ಫೋಮ್ ಮ್ಯಾಟ್ ಹಾಸಿದರೆ ಸ್ವಲ್ಪ ಕಡಿಮೆ ಆಗುತ್ತೆ, ಆದರೆ ಎಲ್ಲಾ ತುಂಡು ಬಿಗಿಯಾಗಿ ಸೇರಿರಬೇಕು. ಅಂಚು ಎದ್ದರೆ ಕಾಲು ಉಳುಕುತ್ತೆ. ಸ್ಪೀಕರ್ ನೆಲದ ಮೇಲಿಡದೆ ಸ್ಟೂಲ್ ಮೇಲಿಡಿ. ಮಧ್ಯಾಹ್ನವೇ ಆಡೋದಾದ್ರೂ ಹಿಂದಿನ ದಿನ ಅವರಿಗೊಂದು ಮಾತು ಹೇಳಿ. ಆಗೋದಾದ್ರೆ ಆಟಕ್ಕೂ ಕರೀರಿ.

ಒಬ್ಬಟ್ಟಿನ ಊಟ ಆದ ತಕ್ಷಣ ಯಾರನ್ನೂ ಎಬ್ಬಿಸಬೇಡಿ. ಒಂದೂವರೆ ಗಂಟೆ ಬಿಟ್ಟು ಶುರು ಮಾಡಿ, ಮೊದಲೆರಡು ಹಾಡು ನಿಧಾನದ್ದು.

---

ಹಳೇಕನ್ಸೋಲ್ ಉತ್ತರ:

ಪೂರ್ತಿ ಮೈ ಲೆಕ್ಕಕ್ಕೆ ಬರಬೇಕು ಅನ್ನೋರಿಗೆ ಒಂದು ಮಾತು. ಅದಕ್ಕೆ ಕಿನೆಕ್ಟ್ ಬೇಕು, ಮೈ ಚಲನೆ ನೋಡೋ ಮೈಕ್ರೋಸಾಫ್ಟ್‌ನ ಕ್ಯಾಮೆರಾ ಸಾಧನ. 2010ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360 ಕನ್ಸೋಲ್‌ಗೆ ಬಂತು, ಅದರ ಜೊತೆಗೇ ಹಾರ್ಮೋನಿಕ್ಸ್‌ನವರ ಡ್ಯಾನ್ಸ್ ಸೆಂಟ್ರಲ್ ಆಟ ಕೂಡ. ಕೈಯಲ್ಲಿ ಏನೂ ಹಿಡಿಯೋದು ಬೇಡ. ಇನ್‌ಫ್ರಾರೆಡ್ ಚುಕ್ಕೆಗಳನ್ನ ಎರಚಿ, ದೇಹದ 20 ಕೀಲುಗಳನ್ನ ಗುರುತಿಸುತ್ತೆ. ಯಾವ ಕೈ ಅಥವಾ ಕಾಲು ತಪ್ಪಾಯ್ತೋ ಪರದೆಯ ಪಾತ್ರದಲ್ಲಿ ಆ ಅಂಗ ಕೆಂಪಾಗುತ್ತೆ. ಹೆಜ್ಜೆ ಕಲಿಯೋಕೆ ಇದರಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಈ ಹಬ್ಬಕ್ಕೆ ಅದನ್ನ ಹುಡುಕಬೇಡಿ. ಒಬ್ಬರಿಗೆ 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು. ಒಂದು ಸಲಕ್ಕೆ ಇಬ್ಬರನ್ನೇ ಪೂರ್ತಿ ಹಿಂಬಾಲಿಸುತ್ತೆ. ಸೀರೆ, ಪಂಚೆ, ಉದ್ದ ಲಂಗ ಇದ್ದರೆ ಕಾಲು ಎಲ್ಲಿದೆ ಅಂತ ಅದಕ್ಕೆ ಸರಿಯಾಗಿ ತಿಳಿಯಲ್ಲ. ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಚುಕ್ಕೆಗಳೇ ಮುಳುಗಿಹೋಗ್ತವೆ. ನಡುವೆ ಒಬ್ಬರು ತಟ್ಟೆ ಹಿಡಿದು ಹಾದುಹೋದರೆ ಆಟಗಾರ ಯಾರು ಅನ್ನೋದೇ ಗೊಂದಲ. ಹಬ್ಬದ ಮನೆಯಲ್ಲಿ ಇವೆಲ್ಲ ಆಗೋವೇ. 2017ರ ಹೊತ್ತಿಗೆ ಅದರ ತಯಾರಿಕೆಯೂ ನಿಂತಿದೆ, ಸಿಗೋದು ಸೆಕೆಂಡ್ ಹ್ಯಾಂಡ್ ಮಾತ್ರ. ಹಳೆಯ ದಪ್ಪ 360ಗೆ ಕಿನೆಕ್ಟ್ ಹಾಕಬೇಕಾದರೆ ಬೇರೆ ಕರೆಂಟ್ ಅಡಾಪ್ಟರ್ ಬೇಕು. ಸೆಕೆಂಡ್ ಹ್ಯಾಂಡ್ ಕೊಡೋರು ಅದನ್ನೇ ಮರೆತಿರ್ತಾರೆ.

---

ಮಲ್ಲಿಗೆಮೊಗ್ಗು:

ಕೇಬಲ್‌ಪೆಟ್ಟಿಗೆ ಅವರೇ, ಸ್ಪೀಕರ್ ತೆಗೆದೆ, ನಾಲ್ಕೂ ಸೇರಿತು! ಟಿಕ್ ಪರೀಕ್ಷೆಯೂ ಮಾಡಿದೆ, ಬ್ಲೂಟೂತ್‌ನಲ್ಲಿ ಸ್ಪಷ್ಟವಾಗಿ ಹಿಂದೆ ಇತ್ತು. ಟಿವಿಗೆ ಹೆಡ್‌ಫೋನ್ ಜ್ಯಾಕ್ ಇದೆ, ಸ್ಪೀಕರ್‌ಗೆ ಆಕ್ಸ್ ಇದೆ. ಎಲ್ಲರಿಗೂ ತುಂಬಾ ಧನ್ಯವಾದ.

ಎರಡು ಸಣ್ಣ ಪ್ರಶ್ನೆ ಉಳೀತು. 12 ಜನಕ್ಕೆ ಸರದಿ ಹೇಗೆ ಹಾಕೋದು? ಫೋನ್ ಆ್ಯಪ್‌ನಲ್ಲೂ ಆಡಬಹುದಂತಲ್ಲ, ಅದು ಹೇಗಿದೆ?

---

ತಾಳಮೇಳ ಉತ್ತರ:

ಒಂದು ಹಾಡು ಮೂರೂವರೆ ನಿಮಿಷ, ಹಾಡು ಆರಿಸಿ ಕೈಪಟ್ಟಿ ಬದಲಾಯಿಸೋಕೆ ಒಂದೂವರೆ. ಒಟ್ಟು ಐದು ನಿಮಿಷ ಹಿಡೀರಿ. ನಾಲ್ವರ ಮೂರು ತಂಡ ಮಾಡಿದರೆ 15 ನಿಮಿಷಕ್ಕೊಂದು ಸುತ್ತು, ಗಂಟೆಗೆ ಪ್ರತಿಯೊಬ್ಬರಿಗೂ ನಾಲ್ಕು ಹಾಡು. ನಡುವೆ ಹತ್ತು ನಿಮಿಷ ವಿಶ್ರಾಂತಿ ತಾನಾಗೇ ಸಿಗುತ್ತೆ. ಪ್ರತಿ ತಂಡದಲ್ಲೂ ಒಂದು ಮಗು, ಒಬ್ಬ ಹಿರಿಯರು ಇರಲಿ. ನಾಲ್ವರ ಅಂಕ ಕೂಡಿಸಿ ತಂಡದ ಅಂಕ ಅಂತ ಗೋಡೆಗೆ ಹಚ್ಚಿದ ಹಾಳೆಯಲ್ಲಿ ಬರೀರಿ. ಆಗ ಅಜ್ಜಿಯ 4,000ವೂ ತಂಡಕ್ಕೆ ಬೇಕಾಗುತ್ತೆ. ಹಾಡು ಆರಿಸೋ ಹಕ್ಕು ಹಿಂದಿನ ಸುತ್ತಲ್ಲಿ ಕಡಿಮೆ ಅಂಕ ಬಂದ ತಂಡಕ್ಕೆ. ನಮ್ಮ ಸ್ವಂತ ಹಾಡನ್ನ ಈ ಆಟಕ್ಕೆ ಸೇರಿಸೋಕೆ ಬರಲ್ಲ ಅಂತ ಮೊದಲೇ ಹೇಳಿಡಿ, ಕನ್ನಡ ಹಾಡು ಕೇಳಿ ಯಾರಾದ್ರೂ ಬಂದೇ ಬರ್ತಾರೆ. ಅದಕ್ಕೆ ಕೊನೆಯ ಅರ್ಧ ಗಂಟೆ ಆಟ ನಿಲ್ಲಿಸಿ ಬರೀ ಸ್ಪೀಕರ್ ಇಟ್ಟುಕೊಳ್ಳಿ. ಆಗ ಬ್ಲೂಟೂತ್ ಆದ್ರೂ ನಡೆಯುತ್ತೆ.

---

ಕೇಬಲ್‌ಪೆಟ್ಟಿಗೆ ಉತ್ತರ:

ಫೋನ್ ನಡೆಯುತ್ತೆ, ಜಸ್ಟ್ ಡ್ಯಾನ್ಸ್ ಕಂಟ್ರೋಲರ್ ಅನ್ನೋ ಆ್ಯಪ್. ಸೋನಿಯ ಪಿಎಸ್5 ಕನ್ಸೋಲ್‌ನಲ್ಲಿ ಆಡೋದೇ ಹೀಗೆ. ಆದರೆ ನಾಲ್ಕು ಜಾಯ್-ಕಾನ್ ಇರುವಾಗ ನಾನು ಫೋನ್ ತರಲ್ಲ. ಫೋನ್ ಜಾಯ್-ಕಾನ್‌ನ ನಾಲ್ಕರಷ್ಟು ತೂಕ, ಕೈಗೆ ಪಟ್ಟಿ ಇಲ್ಲ, ಹಾರಿದರೆ ಟಿವಿಯೂ ಫೋನೂ ಎರಡೂ ಹೋಗುತ್ತೆ. ತರಲೇಬೇಕು ಅಂದ್ರೆ ಕೈಪಟ್ಟಿ ಇರೋ ಕವರ್ ಹಾಕಿ. ಫೋನ್, ಸ್ವಿಚ್ ಎರಡೂ ಒಂದೇ ವೈ-ಫೈನಲ್ಲಿರಲಿ. ಬಂದವರಿಗೆ ಕೊಡೋ ಗೆಸ್ಟ್ ವೈ-ಫೈನಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದ ಹಾಗೆ ರೂಟರ್ ತಡೆದಿರುತ್ತೆ, ಆ್ಯಪ್ ಸೇರಲ್ಲ. ಬ್ಯಾಟರಿ ಸೇವರ್ ತೆಗೀರಿ, 'ಡು ನಾಟ್ ಡಿಸ್ಟರ್ಬ್' ಹಾಕಿ. ಹಬ್ಬದ ದಿನ ಶುಭಾಶಯದ ಕರೆ ಬರ್ತಾನೇ ಇರುತ್ತೆ, ಒಂದು ಕರೆ ಬಂದರೆ ಆ್ಯಪ್ ಹಿಂದಕ್ಕೆ ಸರಿದು ಆಟದಿಂದ ಕಳಚಿಕೊಳ್ಳುತ್ತೆ.

ಇನ್ನೊಂದು, ಯುಗಾದಿ ಹಿಂದಿನ ರಾತ್ರಿ ನಾಲ್ಕು ಜಾಯ್-ಕಾನನ್ನೂ ಚಾರ್ಜ್ ಮಾಡಿ. ಡಾಕ್‌ನಲ್ಲಿರೋ ಕನ್ಸೋಲ್‌ಗೆ ಒಂದು ಸಲಕ್ಕೆ ಎರಡೇ ಹಿಡಿಯೋದು, ಒಂದು ಜೊತೆಗೆ ಸುಮಾರು ಮೂರೂವರೆ ಗಂಟೆ. ಎರಡು ಜೊತೆಗೆ ಏಳು ಗಂಟೆ ಬೇಕು, ಅದಕ್ಕೆ ಸಂಜೆ ಏಳಕ್ಕೇ ಮೊದಲ ಜೊತೆ ಹಾಕಿಬಿಡಿ. ಆಟದ ಅಪ್‌ಡೇಟ್ ಇದೆಯಾ ಅಂತಲೂ ಅವತ್ತೇ ನೋಡಿ.